ಸಾಮೂಹಿಕ ಜೀನೋಮಿಕ್ಸ್ ಪ್ರಯೋಗಾಲಯ

ಅನೇಕ ಸಂಶೋಧನ ತಂಡಗಳು, ಆಸ್ಪತ್ರೆಗಳು ಹಾಗೂ ವೈದ್ಯಕೀಯ ಕಾಲೇಜುಗಳು ಒಟ್ಟಾಗಿ ಬಳಸುವ, ಡಿಎನ್‌ಎ ಮತ್ತು ಆರ್‌ಎನ್‌ಎಗಳ ಅಕ್ಷರಕ್ರಮವನ್ನು ಓದಿಕೊಡುವ ಪ್ರಯೋಗಾಲಯ. ಸಂಶೋಧಕರ ಮಾತಿನಲ್ಲಿ ಇದಕ್ಕೆ ಕೋರ್ ಫೆಸಿಲಿಟಿ ಅಥವಾ ಬರಿಯ ಕೋರ್ ಎಂಬ ಹೆಸರು ರೂಢಿ. ರೋಗಿಯ ರಕ್ತ, ಗೆಡ್ಡೆಯ ತುಣುಕು, ಕಫ, ಎಂಜಲು ಇವುಗಳಲ್ಲಿ ಯಾವುದಾದರೊಂದು ಸ್ಯಾಂಪಲ್ ಆಗಿ ಇಲ್ಲಿಗೆ ಬರುತ್ತದೆ. ಕೋಟಿಗಟ್ಟಲೆ ಅಕ್ಷರಗಳ ಕಡತವಾಗಿ ಸಂಶೋಧಕರ ಕೈಸೇರುತ್ತದೆ. ಎ, ಸಿ, ಜಿ, ಟಿ ಎಂಬ ನಾಲ್ಕು ಬೇಸ್‌ಗಳೇ ಈ ಬರಹದ ಅಕ್ಷರಗಳು. ಮನುಷ್ಯನ ಜೀನೋಮಿನ ಒಂದು ಪ್ರತಿಯಲ್ಲಿ ಇಂಥ ಸುಮಾರು 310 ಕೋಟಿ ಅಕ್ಷರಗಳಿವೆ. ಅವುಗಳಲ್ಲಿ ಒಂದು ತಪ್ಪಿದರೂ ಬದುಕಿನ ದಿಕ್ಕು ಬದಲಾಗಬಹುದು. ಬೀಟಾ ಗ್ಲೋಬಿನ್ ಜೀನಿನ ಒಂದು ಗೊತ್ತಾದ ಜಾಗದಲ್ಲಿ ಎ ಬದಲು ಟಿ ಬಂದು, ಅದು ತಂದೆ ತಾಯಿ ಇಬ್ಬರಿಂದಲೂ ಮಗುವಿಗೆ ಬಂದರೆ ಕುಡುಗೋಲು ಕಣ ರಕ್ತಹೀನತೆ ಕಾಣಿಸಿಕೊಳ್ಳುತ್ತದೆ. ಅಂಥ ಒಂದು ಅಕ್ಷರವನ್ನು ಸಂಶಯಕ್ಕೆ ಎಡೆಯಿಲ್ಲದಂತೆ ಹುಡುಕಿಕೊಡುವುದು ಈ ಪ್ರಯೋಗಾಲಯದ ಕೆಲಸ.

ಹಂಚಿಕೆಯ ಅಗತ್ಯ

ಅಕ್ಷರಕ್ರಮ ಓದುವ ಸೀಕ್ವೆನ್ಸಿಂಗ್ ಯಂತ್ರಗಳು ದುಬಾರಿ. 2017ರಲ್ಲಿ ಮಾರುಕಟ್ಟೆಗೆ ಬಂದ ಇಲ್ಯುಮಿನಾ ಕಂಪನಿಯ ನೋವಾಸೀಕ್ 6000 ಯಂತ್ರದ ಬೆಲೆ ಆಗ ಸುಮಾರು 10 ಲಕ್ಷ ಡಾಲರ್. ಅದರ ಜೊತೆಗೆ ವಾರ್ಷಿಕ ನಿರ್ವಹಣೆ, ರಾಸಾಯನಿಕ ಕಿಟ್‌ಗಳು, ಎಡೆಬಿಡದ ವಿದ್ಯುತ್ತು, ಹವಾನಿಯಂತ್ರಣ, ಮೈನಸ್ 80 ಡಿಗ್ರಿಯ ಫ್ರೀಜರ್‌ಗಳು, ದತ್ತಾಂಶ ಇಡುವ ಸರ್ವರ್‌ಗಳು ಇವೆಲ್ಲದರ ಖರ್ಚೂ ಸೇರುತ್ತದೆ. ಆದರೆ ಹಂಚಿಕೆಗೆ ಬೆಲೆಗಿಂತ ದೊಡ್ಡ ಕಾರಣ ಯಂತ್ರದ ಸ್ವಭಾವದಲ್ಲಿದೆ. ಒಮ್ಮೆ ಓಡಿಸಲು, ಅಂದರೆ ಒಂದು ರನ್‌ಗೆ, ತಗಲುವ ಖರ್ಚು ಹೆಚ್ಚುಕಡಿಮೆ ನಿಗದಿಯಾದದ್ದು. ಒಂದು ಸ್ಯಾಂಪಲ್ ಹಾಕಿದರೂ ಅಷ್ಟೇ, ನೂರು ಹಾಕಿದರೂ ಅಷ್ಟೇ. ನೋವಾಸೀಕ್ 6000 ಸುಮಾರು 44 ಗಂಟೆಗಳಲ್ಲಿ 6 ಲಕ್ಷ ಕೋಟಿಯಷ್ಟು ಅಕ್ಷರಗಳನ್ನು ಓದಬಲ್ಲದು. ಸುಮಾರು 48 ಜನರ ಪೂರ್ಣ ಜೀನೋಮಿಗೆ ಅದು ಸಾಕು. ಹನ್ನೆರಡು ರೋಗಿಗಳ ಸ್ಯಾಂಪಲ್ ಇರುವ ಒಬ್ಬ ವೈದ್ಯಸಂಶೋಧಕರಿಗೆ ಇಷ್ಟು ಸಾಮರ್ಥ್ಯ ಬೇಕಿಲ್ಲ. ಹತ್ತು ತಂಡಗಳ ಸ್ಯಾಂಪಲ್ ಒಂದೇ ರನ್‌ನಲ್ಲಿ ಕೂಡಿದರೆ ಮಾತ್ರ ಪ್ರತಿಯೊಬ್ಬರಿಗೂ ದರ ಎಟಕುತ್ತದೆ.

ಹಂಚಿಕೆಯಾಗುವ ಇನ್ನೊಂದು ವಸ್ತು ಕೈಚಳಕ. ಸ್ಯಾಂಪಲ್ ಕೆಟ್ಟಿದೆಯೇ, ಯಾವ ಕಿಟ್ ಒಗ್ಗುತ್ತದೆ, ಬಂದ ಫಲಿತಾಂಶದಲ್ಲಿ ನಂಬತಕ್ಕದ್ದು ಎಷ್ಟು ಎಂಬುದು ವರ್ಷಗಟ್ಟಲೆ ದಿನವೂ ಅದೇ ಕೆಲಸ ಮಾಡಿದವರಿಗೆ ತಿಳಿಯುತ್ತದೆ. ಮೂರು ವರ್ಷಕ್ಕೆ ಪದವಿ ಮುಗಿಸಿ ಹೋಗುವ ವಿದ್ಯಾರ್ಥಿಯ ಜೊತೆ ಈ ತಿಳಿವಳಿಕೆಯೂ ಹೊರಟುಹೋಗದಂತೆ ಕೋರ್ ಅದನ್ನು ಒಂದೆಡೆ ಉಳಿಸಿಕೊಳ್ಳುತ್ತದೆ.

ಇತಿಹಾಸ

ಡಿಎನ್‌ಎಯ ಜೋಡಿ ಸುರುಳಿಯ ರಚನೆ 1953ರಲ್ಲಿ ತಿಳಿಯಿತು. ಅದರ ಅಕ್ಷರಗಳನ್ನು ಓದುವ ಸಮರ್ಥ ವಿಧಾನಕ್ಕೆ ಮತ್ತೆ 24 ವರ್ಷ ಬೇಕಾಯಿತು. ಕೇಂಬ್ರಿಜ್‌ನ ಫ್ರೆಡರಿಕ್ ಸ್ಯಾಂಗರ್ 1977ರಲ್ಲಿ ತಮ್ಮ ಸರಪಳಿ ನಿಲುಗಡೆ ವಿಧಾನವನ್ನು ಪ್ರಕಟಿಸಿದರು. ಡಿಎನ್‌ಎಯ ಎಳೆ ಬೆಳೆಯುತ್ತಿರುವಾಗ ಅದನ್ನು ಗೊತ್ತಾದ ಅಕ್ಷರದಲ್ಲಿ ತಡೆದು, ತಡೆದ ತುಣುಕುಗಳನ್ನು ಉದ್ದಕ್ಕೆ ತಕ್ಕಂತೆ ಜೆಲ್‌ನಲ್ಲಿ ಬೇರ್ಪಡಿಸಿ, ಕ್ರಮವನ್ನು ಓದುವುದು ಇದರ ತಿರುಳು. ಅದೇ ವರ್ಷ ಅವರ ತಂಡ ಫೈ ಎಕ್ಸ್ 174 ಎಂಬ ವೈರಸ್ಸಿನ ಜೀನೋಮನ್ನು ಓದಿತು. ಅದರ ಉದ್ದ 5,386 ಅಕ್ಷರ. ಬೇರೊಂದು ರಾಸಾಯನಿಕ ವಿಧಾನ ಕಂಡುಹಿಡಿದಿದ್ದ ವಾಲ್ಟರ್ ಗಿಲ್ಬರ್ಟ್ ಮತ್ತು ಪಾಲ್ ಬರ್ಗ್ ಅವರೊಂದಿಗೆ ಸ್ಯಾಂಗರ್ 1980ರ ರಸಾಯನವಿಜ್ಞಾನದ ನೊಬೆಲ್ ಬಹುಮಾನ ಹಂಚಿಕೊಂಡರು. ಇದು ಅವರಿಗೆ ಬಂದ ಎರಡನೆಯ ನೊಬೆಲ್.

ಆರಂಭದ ವರ್ಷಗಳಲ್ಲಿ ಪ್ರತಿ ಪ್ರಯೋಗಾಲಯವೂ ತನ್ನ ಜೆಲ್ ತಾನೇ ಸುರಿದು, ವಿಕಿರಣಶೀಲ ಗುರುತು ಹಾಕಿ, ಎಕ್ಸ್‌ರೇ ಫಿಲ್ಮಿನ ಮೇಲಿನ ಪಟ್ಟೆಗಳನ್ನು ಕಣ್ಣಿನಿಂದ ಓದುತ್ತಿತ್ತು. ಕ್ಯಾಲಿಫೋರ್ನಿಯದ ಕ್ಯಾಲ್ಟೆಕ್‌ನಲ್ಲಿ ಲೀರಾಯ್ ಹುಡ್ ಅವರ ತಂಡ 1986ರಲ್ಲಿ ನಾಲ್ಕು ಅಕ್ಷರಗಳಿಗೆ ನಾಲ್ಕು ಹೊಳೆಯುವ ಬಣ್ಣ ಕೊಟ್ಟು ಓದುವುದನ್ನು ಯಂತ್ರಕ್ಕೆ ಒಪ್ಪಿಸಿತು. ಯಂತ್ರ ಬಂದ ಮೇಲೆ ಅದನ್ನು ನೋಡಿಕೊಳ್ಳುವ ಕೋಣೆ, ಕೋಣೆಗೊಬ್ಬ ನಿರ್ವಾಹಕ, ಬಳಸುವವರ ಸರದಿ ಪಟ್ಟಿ ಇವೂ ಬಂದವು. ವಿಶ್ವವಿದ್ಯಾಲಯಗಳ ಕೋರ್‌ಗಳು ರೂಪುಗೊಂಡ ಬಗೆ ಇದು. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಕೂಡ ಹಲವು ಸಂಶೋಧಕರು ಹಂಚಿಕೊಂಡು ಬಳಸುವ ಉಪಕರಣಗಳಿಗೆಂದೇ ಪ್ರತ್ಯೇಕ ಅನುದಾನ ಕೊಡುತ್ತ ಬಂದಿದೆ.

ಮಾನವ ಜೀನೋಮ್ ಯೋಜನೆ (1990–2003) ಈ ವ್ಯವಸ್ಥೆಯನ್ನು ಕಾರ್ಖಾನೆಯ ಗಾತ್ರಕ್ಕೆ ಬೆಳೆಸಿತು. ಆರು ದೇಶಗಳ 20 ಕೇಂದ್ರಗಳು ಕೆಲಸವನ್ನು ಹಂಚಿಕೊಂಡವು. 1993ರಲ್ಲಿ ಇಂಗ್ಲೆಂಡಿನ ಹಿಂಕ್ಸ್ಟನ್‌ನಲ್ಲಿ ಜಾನ್ ಸಲ್ಸ್ಟನ್ ಅವರ ನೇತೃತ್ವದಲ್ಲಿ ಆರಂಭವಾದ ಸ್ಯಾಂಗರ್ ಕೇಂದ್ರ ಸುಮಾರು ಮೂರನೇ ಒಂದು ಪಾಲನ್ನು ಓದಿತು. 1996ರಲ್ಲಿ ಬರ್ಮುಡಾದಲ್ಲಿ ಸೇರಿದ ವಿಜ್ಞಾನಿಗಳು, ಓದಿದ ಅಕ್ಷರಕ್ರಮವನ್ನು 24 ಗಂಟೆಗಳೊಳಗೆ ಎಲ್ಲರಿಗೂ ತೆರೆದಿಡಬೇಕೆಂದು ಒಪ್ಪಂದಕ್ಕೆ ಬಂದರು. ಯಂತ್ರದ ಹಂಚಿಕೆ ಫಲಿತಾಂಶದ ಹಂಚಿಕೆಯಾಗಿ ಬೆಳೆದದ್ದು ಅಲ್ಲಿಂದ. ಮುಂದೆ ನಡುವೆ ಬಿರುಕಿಲ್ಲದ ಮಾನವ ಜೀನೋಮ್ ಪ್ರಕಟವಾದದ್ದು 2022ರಲ್ಲಿ.

ಕ್ರಾಂತಿಕಾರಕ ತಿರುವು ತಂದದ್ದು ಕೇಂಬ್ರಿಜ್‌ನ ಒಂದು ಜೋಡಿ: ಚೆನ್ನೈಯಲ್ಲಿ ಹುಟ್ಟಿದ ಶಂಕರ್ ಬಾಲಸುಬ್ರಮಣಿಯನ್ ಮತ್ತು ಡೇವಿಡ್ ಕ್ಲೆನರ್ಮನ್. ಅವರು ಸ್ಥಾಪಿಸಿದ ಸೊಲೆಕ್ಸಾ ಕಂಪನಿಯ ವಿಧಾನ ಕೋಟ್ಯಂತರ ತುಣುಕುಗಳನ್ನು ಏಕಕಾಲಕ್ಕೆ ಓದುತ್ತಿತ್ತು. 2007ರಲ್ಲಿ ಅದು ಇಲ್ಯುಮಿನಾ ಪಾಲಾಯಿತು. ಅಮೆರಿಕದ ರಾಷ್ಟ್ರೀಯ ಮಾನವ ಜೀನೋಮ್ ಸಂಶೋಧನ ಸಂಸ್ಥೆಯ ಲೆಕ್ಕದಂತೆ 2001ರಲ್ಲಿ ಒಬ್ಬ ಮನುಷ್ಯನ ಜೀನೋಮ್ ಓದಲು ಸುಮಾರು 9.5 ಕೋಟಿ ಡಾಲರ್ ಬೇಕಿತ್ತು; 2022ರ ಹೊತ್ತಿಗೆ ಅದು ಸುಮಾರು 500 ಡಾಲರಿಗೆ ಇಳಿಯಿತು.

ಸ್ಯಾಂಪಲ್‌ನಿಂದ ದತ್ತಾಂಶದವರೆಗೆ

ಕೆಲಸ ಆರಂಭವಾಗುವುದು ಸ್ಯಾಂಪಲ್ ಬರುವ ಮೊದಲೇ. ಎಷ್ಟು ರೋಗಿಗಳು, ಎಷ್ಟು ಆರೋಗ್ಯವಂತರು, ಎಷ್ಟು ಆಳದ ಓದು ಎಂಬುದನ್ನು ಸಂಶೋಧಕರು ಮತ್ತು ಕೋರ್‌ನವರು ಒಟ್ಟಿಗೆ ಕುಳಿತು ತೀರ್ಮಾನಿಸುತ್ತಾರೆ. ರೋಗಿಗಳ ಸ್ಯಾಂಪಲ್‌ಗಳನ್ನೆಲ್ಲ ಸೋಮವಾರ, ಆರೋಗ್ಯವಂತರದ್ದನ್ನೆಲ್ಲ ಗುರುವಾರ ಓಡಿಸಿದರೆ ಕಂಡ ವ್ಯತ್ಯಾಸ ಕಾಯಿಲೆಯದೋ ದಿನದ್ದೋ ಎಂದು ಆಮೇಲೆ ಯಾರೂ ಹೇಳಲಾರರು. ಇಂಥ ತಪ್ಪನ್ನು ತಡೆಯಲು ಎರಡೂ ಬಗೆಯವನ್ನು ಬೆರೆಸಿ ಪ್ಲೇಟಿನಲ್ಲಿ ಜೋಡಿಸುತ್ತಾರೆ.

ರಕ್ತವನ್ನು ನೇರಳೆ ಮುಚ್ಚಳದ ಇಡಿಟಿಎ ಟ್ಯೂಬಿನಲ್ಲಿ ತರಬೇಕೆಂಬುದು ಸಾಮಾನ್ಯ ನಿಯಮ. ಹೆಪಾರಿನ್ ಬೆರೆತ ರಕ್ತ, ಡಿಎನ್‌ಎಯನ್ನು ಪ್ರತಿ ಮಾಡುವ ಪಿಸಿಆರ್ ಕ್ರಿಯೆಗೆ ಅಡ್ಡಿಪಡಿಸುತ್ತದೆ. ಆರ್‌ಎನ್‌ಎ ಬಹುಬೇಗ ಕೆಡುವುದರಿಂದ ಡ್ರೈ ಐಸಿನಲ್ಲಿ ಬರುತ್ತದೆ. ಬಂದ ಟ್ಯೂಬಿನ ಮೇಲೆ ರೋಗಿಯ ಹೆಸರಿರುವುದಿಲ್ಲ, ಸಂಕೇತ ಸಂಖ್ಯೆ ಮಾತ್ರ. ಅದನ್ನು ಸ್ಕ್ಯಾನ್ ಮಾಡಿ, ಜೊತೆಗೆ ಬಂದ ಪಟ್ಟಿಯೊಂದಿಗೆ ತಾಳೆ ನೋಡಿ, ಮುಂದಿನ ಪರೀಕ್ಷೆಗೆ ಕಳಿಸುತ್ತಾರೆ. ಡಿಎನ್‌ಎಯ ಶುದ್ಧತೆಯನ್ನು 260 ಮತ್ತು 280 ನ್ಯಾನೊಮೀಟರ್ ಬೆಳಕಿನ ಹೀರಿಕೆಯ ಅನುಪಾತದಿಂದ ಅಳೆಯುತ್ತಾರೆ; ಅದು 1.8ರ ಆಸುಪಾಸಿನಲ್ಲಿದ್ದರೆ ಶುದ್ಧವೆಂದು ಅರ್ಥ. ಆರ್‌ಎನ್‌ಎ ಎಷ್ಟು ಇಡಿಯಾಗಿದೆ ಎಂಬುದಕ್ಕೆ 1ರಿಂದ 10ರವರೆಗೆ ಅಂಕ ಕೊಡುವ ಪದ್ಧತಿಯಿದೆ. ಆಸ್ಪತ್ರೆಯ ಕಪಾಟಿನಲ್ಲಿ ವರ್ಷಗಟ್ಟಲೆ ಇದ್ದ ಗೆಡ್ಡೆಯ ಪ್ಯಾರಾಫಿನ್ ಬ್ಲಾಕ್‌ಗಳದ್ದು ಬೇರೆಯೇ ಕಥೆ: ಫಾರ್ಮಲಿನ್ ಡಿಎನ್‌ಎಯನ್ನು ಚೂರು ಮಾಡುತ್ತದೆ, ಸಿ ಇರುವಲ್ಲಿ ಟಿ ಇರುವಂತೆ ತೋರಿಸುತ್ತದೆ. ಅದು ಕ್ಯಾನ್ಸರಿನ ಬದಲಾವಣೆಯೋ ಫಾರ್ಮಲಿನ್ ಬಿಟ್ಟ ಗುರುತೋ ಎಂದು ಬೇರ್ಪಡಿಸದಿದ್ದರೆ ಸಂಶೋಧನೆ ದಾರಿ ತಪ್ಪುತ್ತದೆ.

ಪರೀಕ್ಷೆಯಲ್ಲಿ ಪಾಸಾದ ಡಿಎನ್‌ಎಯನ್ನು ಕೆಲವು ನೂರು ಅಕ್ಷರಗಳ ತುಣುಕುಗಳಾಗಿ ಕತ್ತರಿಸಿ, ಎರಡೂ ತುದಿಗೆ ಅಡಾಪ್ಟರ್ ಎಂಬ ಕೃತಕ ಡಿಎನ್‌ಎ ಚೂರುಗಳನ್ನು ಅಂಟಿಸುತ್ತಾರೆ. ಇದಕ್ಕೆ ಲೈಬ್ರರಿ ತಯಾರಿಕೆ ಎಂದು ಹೆಸರು. ಪ್ರತಿ ಸ್ಯಾಂಪಲ್‌ಗೂ ಅದರದ್ದೇ ಆದ ಬಾರ್‌ಕೋಡ್ ಅಕ್ಷರಗಳು ಅಡಾಪ್ಟರಿನಲ್ಲಿರುತ್ತವೆ. ಹತ್ತಾರು ತಂಡಗಳ ಲೈಬ್ರರಿಗಳನ್ನು ಒಂದೇ ಟ್ಯೂಬಿಗೆ ಬೆರೆಸಿ ಓದಿಸಿದ ಮೇಲೂ ಯಾರದ್ದು ಯಾರಿಗೆ ಎಂದು ಕಂಪ್ಯೂಟರ್ ವಿಂಗಡಿಸಿಕೊಡಲು ಈ ಬಾರ್‌ಕೋಡ್ ಆಧಾರ. ಸಾಮೂಹಿಕ ಬಳಕೆಯ ಇಡೀ ಲೆಕ್ಕಾಚಾರ ನಿಂತಿರುವುದು ಆರೆಂಟು ಅಕ್ಷರಗಳ ಈ ಗುರುತಿನ ಮೇಲೆ.

ಲೈಬ್ರರಿಯನ್ನು ಫ್ಲೋ ಸೆಲ್ ಎಂಬ ಗಾಜಿನ ಪಟ್ಟಿಗೆ ಹರಿಸುತ್ತಾರೆ. ಪ್ರತಿ ತುಣುಕೂ ಗಾಜಿಗೆ ಅಂಟಿ, ಅಲ್ಲೇ ತನ್ನ ಸಾವಿರಾರು ಪ್ರತಿಗಳ ಗುಂಪಾಗುತ್ತದೆ. ಬಳಿಕ ಬಣ್ಣದ ಗುರುತಿರುವ ಅಕ್ಷರಗಳು ಒಂದೊಂದಾಗಿ ಸೇರುತ್ತವೆ. ಪ್ರತಿ ಅಕ್ಷರ ಸೇರಿದಾಗಲೂ ಕ್ಯಾಮೆರಾ ಒಂದು ಚಿತ್ರ ತೆಗೆಯುತ್ತದೆ. ಹೊಸ ಯಂತ್ರಗಳು ಎರಡೇ ಬಣ್ಣ ಬಳಸುತ್ತವೆ; ಅವುಗಳಲ್ಲಿ ಜಿ ಅಕ್ಷರಕ್ಕೆ ಬಣ್ಣವೇ ಇಲ್ಲ, ಕತ್ತಲೆಯೇ ಅದರ ಗುರುತು. ಹಾಗಾಗಿ ಎಲ್ಲಾದರೂ ಬೆಳಕು ನಂದಿಹೋದರೆ ಯಂತ್ರ ಜಿಜಿಜಿಜಿ ಎಂದು ಸಾಲಾಗಿ ಬರೆಯುತ್ತ ಹೋಗುತ್ತದೆ. ಅನುಭವಿ ತಂತ್ರಜ್ಞರು ಆ ಸಾಲು ಕಂಡೊಡನೆ ಅದು ಓದಲ್ಲ, ಓದು ನಿಂತ ಜಾಗ ಎಂದು ಗುರುತಿಸಿ ಕತ್ತರಿಸುತ್ತಾರೆ.

ಪ್ರತಿ ರನ್‌ಗೂ, ಉತ್ತರ ಮೊದಲೇ ಗೊತ್ತಿರುವ ಡಿಎನ್‌ಎಯನ್ನು ಸಾಮಾನ್ಯವಾಗಿ ಶೇ 1ರಷ್ಟು ಬೆರೆಸುವ ರೂಢಿಯಿದೆ. ಯಂತ್ರ ಅದನ್ನು ಸರಿಯಾಗಿ ಓದಿದರೆ ಉಳಿದದ್ದನ್ನೂ ಸರಿಯಾಗಿ ಓದಿದೆಯೆಂಬ ಭರವಸೆ. ಆ ಡಿಎನ್‌ಎ ಬೇರೆ ಯಾವುದೂ ಅಲ್ಲ, 1977ರಲ್ಲಿ ಸ್ಯಾಂಗರ್ ಓದಿದ ಅದೇ ಫೈ ಎಕ್ಸ್ 174. ಅಂದು ಒಂದು ತಂಡದ ಸಾಧನೆಯಾಗಿದ್ದ 5,386 ಅಕ್ಷರಗಳು ಇಂದು ಜಗತ್ತಿನ ಕೋರ್‌ಗಳಿಗೆಲ್ಲ ಒರೆಗಲ್ಲು.

ಸೇವೆಗಳ ಬಗೆಗಳು

ಪೂರ್ಣ ಜೀನೋಮ್ ಓದಿನಲ್ಲಿ ಪ್ರತಿ ಅಕ್ಷರವನ್ನೂ ಸರಾಸರಿ 30 ಬಾರಿ ಓದುವುದು ವಾಡಿಕೆ. ಎಕ್ಸೋಮ್ ಓದಿನಲ್ಲಿ ಪ್ರೋಟೀನುಗಳ ಸೂಚನೆ ಇರುವ ಭಾಗವನ್ನಷ್ಟೇ ಆರಿಸಿಕೊಳ್ಳುತ್ತಾರೆ. ಅದು ಜೀನೋಮಿನ ಶೇ 2ಕ್ಕಿಂತ ಕಡಿಮೆಯಾದರೂ ತಿಳಿದುಬಂದಿರುವ ಆನುವಂಶಿಕ ಕಾಯಿಲೆಗಳ ಬಹುಪಾಲು ಕಾರಣಗಳು ಅಲ್ಲೇ ಇವೆ. ಸೋದರಮಾವನನ್ನೋ ಸೋದರತ್ತೆಯ ಮಗನನ್ನೋ ಮದುವೆಯಾಗುವ ರೂಢಿ ಇರುವ ನಮ್ಮ ಭಾಗದಲ್ಲಿ ಅಪರೂಪದ ಕಾಯಿಲೆಯ ಮಗು, ತಾಯಿ, ತಂದೆ ಮೂವರ ಎಕ್ಸೋಮನ್ನೂ ಒಟ್ಟಿಗೆ ಓದುವುದರಿಂದ ತುಂಬ ಉಪಯೋಗವಿದೆ: ಇಬ್ಬರಲ್ಲೂ ಒಂದೊಂದು ಪ್ರತಿಯಾಗಿ ಅಡಗಿದ್ದ ದೋಷ ಮಗುವಿನಲ್ಲಿ ಜೋಡಿಯಾದದ್ದು ಎದ್ದು ಕಾಣುತ್ತದೆ.

ಆರ್‌ಎನ್‌ಎ ಓದು ಯಾವ ಜೀನ್ ಎಷ್ಟು ಸಕ್ರಿಯವಾಗಿದೆ ಎಂಬುದನ್ನು ತಿಳಿಸುತ್ತದೆ. ಬಿಡಿಕೋಶಗಳ ಓದಿನಲ್ಲಿ ಒಂದೊಂದು ಜೀವಕೋಶವನ್ನೂ ಎಣ್ಣೆಯೊಳಗಿನ ಒಂದೊಂದು ಹನಿಯಲ್ಲಿ ಹಿಡಿದು ಪ್ರತ್ಯೇಕವಾಗಿ ಓದುತ್ತಾರೆ. ಇದಕ್ಕೆ ಕೋಶಗಳು ಸಾಮಾನ್ಯವಾಗಿ ಜೀವಂತವಾಗಿರಬೇಕಾದ್ದರಿಂದ ಶಸ್ತ್ರಚಿಕಿತ್ಸೆ ಮುಗಿಯುವ ವೇಳೆಗೆ ಕೋರ್ ಸಿದ್ಧವಾಗಿ ಕಾದಿರುತ್ತದೆ. ಪ್ಯಾಕ್‌ಬಯೋ ಮತ್ತು ಆಕ್ಸ್‌ಫರ್ಡ್ ನ್ಯಾನೊಪೋರ್ ಕಂಪನಿಗಳ ಯಂತ್ರಗಳು ಸಾವಿರಾರು ಅಕ್ಷರಗಳ ಉದ್ದ ತುಣುಕನ್ನು ಒಂದೇ ಉಸಿರಿಗೆ ಓದುತ್ತವೆ. ನ್ಯಾನೊಪೋರಿನ ಮಿನಿಯಾನ್ ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದು. ಸ್ಯಾಂಗರ್ ವಿಧಾನವೂ ಮೂಲೆಗುಂಪಾಗಿಲ್ಲ. ಹೊಸ ಯಂತ್ರ ಕಂಡ ಬದಲಾವಣೆಯನ್ನು ದೃಢಪಡಿಸಲು ಇಂದಿಗೂ ಅದನ್ನೇ ಬಳಸುತ್ತಾರೆ.

ರೋಗಾಣುಗಳ ಓದು ಮತ್ತೊಂದು ದೊಡ್ಡ ವಿಭಾಗ. 44 ಲಕ್ಷ ಅಕ್ಷರಗಳ ಕ್ಷಯರೋಗಾಣುವಿನ ಜೀನೋಮ್ 1998ರಲ್ಲಿ ಪ್ರಕಟವಾಯಿತು. ಯಾವ ಬದಲಾವಣೆಯಿಂದ ಯಾವ ಔಷಧಿ ನಾಟುವುದಿಲ್ಲ ಎಂಬ ಪಟ್ಟಿಯನ್ನು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೊರತಂದಿತು. 38,000ಕ್ಕೂ ಹೆಚ್ಚು ರೋಗಾಣು ಸ್ಯಾಂಪಲ್‌ಗಳನ್ನು ನಾನಾ ದೇಶಗಳ ಪ್ರಯೋಗಾಲಯಗಳು ಹಂಚಿಕೊಂಡದ್ದರಿಂದ ಆ ಪಟ್ಟಿ ಸಾಧ್ಯವಾಯಿತು.

ವಿಶ್ಲೇಷಣೆ

ಯಂತ್ರದ ಕೆಲಸ ಮುಗಿದ ಮೇಲೆ ಕಂಪ್ಯೂಟರಿನದು. ಪ್ರತಿ ಅಕ್ಷರದ ಜೊತೆಗೂ ಅದು ತಪ್ಪಾಗಿರುವ ಸಂಭವವೆಷ್ಟು ಎಂಬ ಅಂಕ ಇರುತ್ತದೆ. ಕ್ಯೂ30 ಎಂದರೆ ಸಾವಿರಕ್ಕೊಂದು ತಪ್ಪು. ತುಣುಕುಗಳನ್ನು ಆಧಾರ ಜೀನೋಮಿನ ಪಕ್ಕದಲ್ಲಿಟ್ಟು ವ್ಯತ್ಯಾಸಗಳನ್ನು ಪಟ್ಟಿ ಮಾಡುತ್ತಾರೆ. ಒಬ್ಬ ವ್ಯಕ್ತಿಯಲ್ಲಿ ಇಂಥ ವ್ಯತ್ಯಾಸಗಳು ಲಕ್ಷಗಟ್ಟಲೆ ಇರುತ್ತವೆ, ಬಹುಪಾಲು ನಿರಪಾಯಕಾರಿ. ಅಮೆರಿಕದ ವೈದ್ಯಕೀಯ ತಳಿವಿಜ್ಞಾನಿಗಳ ಸಂಸ್ಥೆ 2015ರಲ್ಲಿ ರೂಪಿಸಿದ ಕ್ರಮದಂತೆ ಇವುಗಳನ್ನು ಐದು ವರ್ಗ ಮಾಡುತ್ತಾರೆ: ರೋಗಕಾರಕ, ಬಹುಶಃ ರೋಗಕಾರಕ, ಅರ್ಥ ನಿಶ್ಚಯವಾಗದ್ದು, ಬಹುಶಃ ನಿರಪಾಯ, ನಿರಪಾಯ. ನಡುವಿನ ವರ್ಗಕ್ಕೆ ಸೇರಿದ ಫಲಿತಾಂಶವನ್ನು ರೋಗಿಗೆ ತಿಳಿಸುವುದು ಬಲು ಕಷ್ಟದ ಕೆಲಸ.

ಆ ವರ್ಗವನ್ನು ಕಿರಿದು ಮಾಡಲು ನಮ್ಮದೇ ಜನರ ಜೀನೋಮ್‌ಗಳು ಬೇಕು. ಹೃದಯಸ್ನಾಯುವಿನ ಒಂದು ಜೀನಿನಲ್ಲಿ 25 ಅಕ್ಷರಗಳು ಬಿಟ್ಟುಹೋಗಿರುವ ಬದಲಾವಣೆಯೊಂದು ದಕ್ಷಿಣ ಏಷ್ಯದ ಶೇ 4ರಷ್ಟು ಜನರಲ್ಲಿದೆ, ಅದು ಹೃದಯ ವೈಫಲ್ಯದ ಅಪಾಯವನ್ನು ಹೆಚ್ಚಿಸುತ್ತದೆ ಎಂದು ಹೈದರಾಬಾದಿನ ಸಿಸಿಎಂಬಿ ವಿಜ್ಞಾನಿಗಳೂ ಸೇರಿದ ತಂಡ 2009ರಲ್ಲಿ ತೋರಿಸಿತು. ಯುರೋಪಿನವರ ದತ್ತಾಂಶವನ್ನಷ್ಟೇ ನೆಚ್ಚಿಕೊಂಡಿದ್ದರೆ ಅದು ಕಣ್ಣಿಗೇ ಬೀಳುತ್ತಿರಲಿಲ್ಲ.

ಭಾರತ ಮತ್ತು ಕರ್ನಾಟಕ

ಮಾನವ ಜೀನೋಮ್ ಯೋಜನೆಯ ಆರು ದೇಶಗಳಲ್ಲಿ ಭಾರತ ಇರಲಿಲ್ಲ. ದೆಹಲಿಯ ಐಜಿಐಬಿ ಸಂಸ್ಥೆ 2009ರಲ್ಲಿ ಭಾರತೀಯರೊಬ್ಬರ ಪೂರ್ಣ ಜೀನೋಮನ್ನು ದೇಶದೊಳಗೇ ಓದಿತು. ಅದರ ಇಂಡಿಜೆನ್ ಯೋಜನೆ 2019ರಲ್ಲಿ ಸಾವಿರಕ್ಕೂ ಹೆಚ್ಚು ಜನರ ಜೀನೋಮ್ ಓದಿ ಮುಗಿಸಿತು.

ಸಾಮೂಹಿಕ ಸೌಲಭ್ಯದ ಕಲ್ಪನೆ ಬೆಂಗಳೂರಿನಲ್ಲಿ ಗಟ್ಟಿಯಾಗಿ ಬೇರೂರಿದೆ. ಬಳ್ಳಾರಿ ರಸ್ತೆಯ ಜಿಕೆವಿಕೆ ಆವರಣದಲ್ಲಿ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ, ಇನ್‌ಸ್ಟೆಮ್ ಮತ್ತು ಸಿ-ಕ್ಯಾಂಪ್ ಸಂಸ್ಥೆಗಳು ಒಂದರ ಪಕ್ಕ ಒಂದಿವೆ. ಕೇಂದ್ರ ಸರ್ಕಾರದ ಜೈವಿಕ ತಂತ್ರಜ್ಞಾನ ಇಲಾಖೆ 2009ರಲ್ಲಿ ಸಿ-ಕ್ಯಾಂಪನ್ನು ಆರಂಭಿಸಿತು. ಹೊರಗಿನ ಸಂಶೋಧಕರಿಗೂ ನವೋದ್ಯಮಗಳಿಗೂ ಸೀಕ್ವೆನ್ಸಿಂಗ್ ಸೇರಿದಂತೆ ಉನ್ನತ ಉಪಕರಣಗಳ ಸೇವೆ ಕೊಡುವುದು ಅದರ ಮುಖ್ಯ ಕೆಲಸಗಳಲ್ಲೊಂದು. ನಿಮ್ಹಾನ್ಸ್ ಆಸ್ಪತ್ರೆಯು ಈ ಆವರಣದ ಸಂಸ್ಥೆಗಳ ಜೊತೆಗೂಡಿ, ಒಂದೇ ಕುಟುಂಬದ ಹಲವರಿಗೆ ತೀವ್ರ ಮಾನಸಿಕ ಕಾಯಿಲೆ ಇರುವ ಮನೆತನಗಳನ್ನು ಅಧ್ಯಯನ ಮಾಡುತ್ತ ಬಂದಿದೆ. ಇಲೆಕ್ಟ್ರಾನಿಕ್ಸ್ ಸಿಟಿಯ ಐಬ್ಯಾಬ್ ಸಂಸ್ಥೆ ಜೀನೋಮ್ ವಿಶ್ಲೇಷಣೆ ಬಲ್ಲ ತರುಣರನ್ನು ತಯಾರು ಮಾಡುತ್ತದೆ. ಜಿನೋಟಿಪಿಕ್, ಸ್ಟ್ರಾಂಡ್, ಮೆಡ್‌ಜೀನೋಮ್ ಮುಂತಾದ ಖಾಸಗಿ ಕಂಪನಿಗಳೂ ಇದೇ ನಗರದಲ್ಲಿ ಬೆಳೆದಿವೆ. ದೇಶದ ಯಾವ ಸಂಸ್ಥೆಯಲ್ಲಿ ಯಾವ ಉಪಕರಣ ಹಂಚಿಕೆಗೆ ಲಭ್ಯವಿದೆ ಎಂದು ತಿಳಿಸುವ ಐ-ಸ್ಟೆಮ್ ಎಂಬ ರಾಷ್ಟ್ರೀಯ ವ್ಯವಸ್ಥೆ ಭಾರತೀಯ ವಿಜ್ಞಾನ ಸಂಸ್ಥೆಯಿಂದ ನಡೆಯುತ್ತದೆ. ಅದಕ್ಕೆ 2020ರ ಜನವರಿಯಲ್ಲಿ ಬೆಂಗಳೂರಿನ ವಿಜ್ಞಾನ ಕಾಂಗ್ರೆಸ್ಸಿನಲ್ಲಿ ಚಾಲನೆ ದೊರೆಯಿತು.

ಕೋವಿಡ್ ಈ ಸಿದ್ಧತೆಯನ್ನು ಪರೀಕ್ಷೆಗೆ ಒಡ್ಡಿತು. 2020ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಹತ್ತು ಪ್ರಯೋಗಾಲಯಗಳನ್ನು ಜೋಡಿಸಿ ಇನ್ಸಾಕಾಗ್ ಎಂಬ ಒಕ್ಕೂಟ ಕಟ್ಟಿದಾಗ ಅವುಗಳಲ್ಲಿ ಎರಡು, ಇನ್‌ಸ್ಟೆಮ್ ಮತ್ತು ನಿಮ್ಹಾನ್ಸ್, ಬೆಂಗಳೂರಿನವಾಗಿದ್ದವು. ಸುಮಾರು 30,000 ಅಕ್ಷರಗಳ ವೈರಸ್ಸಿನ ಜೀನೋಮನ್ನು ಓದಿ ಓದಿ ರೂಪಾಂತರಿ ತಳಿಗಳ ಬೆನ್ನು ಹತ್ತುವುದು ಅವುಗಳ ಕೆಲಸ. ದೇಶದ ಮೊದಲ ಎರಡು ಓಮಿಕ್ರಾನ್ ಪ್ರಕರಣಗಳು 2021ರ ಡಿಸೆಂಬರ್ 2ರಂದು ಕರ್ನಾಟಕದಿಂದ ವರದಿಯಾದವು.

ಭಾರತೀಯ ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನ ಕೇಂದ್ರದ ನೇತೃತ್ವದಲ್ಲಿ 20 ಸಂಸ್ಥೆಗಳು ಸೇರಿ ನಡೆಸಿದ ಜೀನೋಮ್ ಇಂಡಿಯಾ ಯೋಜನೆ ಇದುವರೆಗಿನ ದೊಡ್ಡ ಸಾಮೂಹಿಕ ಪ್ರಯತ್ನ. 83 ಜನಸಮುದಾಯಗಳ 10,000 ಜನರ ಜೀನೋಮ್ ದತ್ತಾಂಶವನ್ನು 2025ರ ಜನವರಿ 9ರಂದು ಸಂಶೋಧಕರಿಗೆ ತೆರೆಯಲಾಯಿತು. ಅದನ್ನು ಫರೀದಾಬಾದಿನ ಭಾರತೀಯ ಜೈವಿಕ ದತ್ತಾಂಶ ಕೇಂದ್ರದಲ್ಲಿ ಇರಿಸಿದ್ದಾರೆ.

ಹೊಣೆ ಮತ್ತು ನೀತಿ

ಸಂಶೋಧನೆಗಾಗಿ ಓದಿದ ಫಲಿತಾಂಶವೇ ಬೇರೆ, ಚಿಕಿತ್ಸೆಗೆ ಆಧಾರವಾಗುವ ವರದಿಯೇ ಬೇರೆ. ಎರಡನೆಯದಕ್ಕೆ ಐಎಸ್‌ಒ 15189 ಮಾನದಂಡದಂತೆ ಎನ್‌ಎಬಿಎಲ್ ಮಾನ್ಯತೆ ಪಡೆದ ಪ್ರಯೋಗಾಲಯ ಇರುವುದು ಒಳಿತು. ಭ್ರೂಣದ ಲಿಂಗ ಪತ್ತೆಯನ್ನು 1994ರ ಕಾನೂನು ನಿಷೇಧಿಸಿದೆ. ಡಿಎನ್‌ಎ ಪರೀಕ್ಷೆಗೂ ಅದು ಅನ್ವಯಿಸುತ್ತದೆ. ಜೀನೋಮ್ ಒಬ್ಬರ ಗುಟ್ಟನ್ನಷ್ಟೇ ಹೇಳುವುದಿಲ್ಲ. ಅಕ್ಕ ತಂಗಿಯರ, ಮಕ್ಕಳ ವಿಷಯವನ್ನೂ ಹೇಳುತ್ತದೆ. ಸ್ತನ ಕ್ಯಾನ್ಸರಿನ ಅಪಾಯ ಹೆಚ್ಚಿಸುವ ಬಿಆರ್‌ಸಿಎ1 ಜೀನಿನ ದೋಷ ತಾಯಿಯಲ್ಲಿ ಕಂಡರೆ ಪ್ರತಿ ಮಗುವಿಗೂ ಅದು ಬಂದಿರುವ ಸಾಧ್ಯತೆ ಅರ್ಧದಷ್ಟು. ಆದುದರಿಂದ ಸಂಕೇತ ಸಂಖ್ಯೆಗಳ ಬೀಗದ ಕೈ ಯಾರ ಬಳಿ ಇರಬೇಕು, ದತ್ತಾಂಶವನ್ನು ಯಾರು ನೋಡಬಹುದು, ಎಷ್ಟು ಕಾಲ ಇಡಬೇಕು ಎಂಬುದು ಕೆಲಸಕ್ಕೆ ಮೊದಲೇ ತೀರ್ಮಾನವಾಗಿರಬೇಕು.

ಕೋರ್ ತಂತ್ರಜ್ಞರ ಶ್ರಮಕ್ಕೆ ಸಲ್ಲಬೇಕಾದ ಮನ್ನಣೆಯೂ ನೀತಿಯ ಪ್ರಶ್ನೆಯೇ. ಪ್ರಯೋಗದ ವಿನ್ಯಾಸಕ್ಕೆ, ವಿಶ್ಲೇಷಣೆಗೆ ಬುದ್ಧಿ ಧಾರೆಯೆರೆದವರು ಪ್ರಬಂಧದ ಲೇಖಕರಲ್ಲಿ ಒಬ್ಬರಾಗಬೇಕು, ಉಳಿದವರನ್ನು ಹೆಸರಿಸಿ ಸ್ಮರಿಸಬೇಕು ಎಂದು ಇಂಥ ಪ್ರಯೋಗಾಲಯಗಳ ಅಂತರರಾಷ್ಟ್ರೀಯ ಸಂಘ ಎಬಿಆರ್‌ಎಫ್ ಹೇಳುತ್ತ ಬಂದಿದೆ. ದುಡ್ಡು ಕೊಟ್ಟಾಯಿತು ಎಂಬ ಕಾರಣಕ್ಕೆ ಆ ಋಣ ತೀರುವುದಿಲ್ಲ.

ಎಲ್ಲಕ್ಕಿಂತ ಮೊದಲಿನದು ಸ್ಯಾಂಪಲ್ ಕೊಟ್ಟವರ ಒಪ್ಪಿಗೆ. ಭಾರತೀಯ ವೈದ್ಯಕೀಯ ಸಂಶೋಧನ ಮಂಡಳಿಯ 2017ರ ಮಾರ್ಗಸೂಚಿಯಂತೆ ಒಪ್ಪಿಗೆ ಪತ್ರವು ಸಂಶೋಧನೆಯಲ್ಲಿ ಪಾಲ್ಗೊಳ್ಳುವವರಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು. ರಾಯಚೂರಿನಿಂದಲೋ ಚಾಮರಾಜನಗರದಿಂದಲೋ ಬೆಂಗಳೂರಿಗೆ ಬಂದು ಮಗುವಿನ ರಕ್ತ ಕೊಡುವ ತಾಯಿಗೆ, ಆ ರಕ್ತದಲ್ಲಿ ಏನನ್ನು ಓದುತ್ತಾರೆ, ಉತ್ತರ ಸಿಗದೆಯೂ ಇರಬಹುದು, ಆ ಓದು ಮುಂದೆ ಬೇರೆ ಮಕ್ಕಳ ಕಾಯಿಲೆಗೂ ಬೆಳಕಾಗಬಹುದು ಎಂಬುದನ್ನು ತಿಳಿಗನ್ನಡದಲ್ಲಿ ಕುಳಿತು ಹೇಳುವುದು ಸೀಕ್ವೆನ್ಸಿಂಗಿನ ಮೊದಲ ಹೆಜ್ಜೆ. ಯಂತ್ರಕ್ಕೆ ಗೊತ್ತಿರುವುದು ಟ್ಯೂಬಿನ ಮೇಲಿನ ಸಂಖ್ಯೆ ಮಾತ್ರ. ಆ ಸಂಖ್ಯೆಯ ಹಿಂದೆ ಇಂಥ ಒಬ್ಬ ತಾಯಿ ಇದ್ದಾಳೆಂಬುದನ್ನು ನೆನಪಿಟ್ಟು ಸ್ಯಾಂಪಲ್ ಮುಟ್ಟುವ ಕೈಗಳಿರುವವರೆಗೆ ಈ ಪ್ರಯೋಗಾಲಯಗಳ ಮೇಲಿನ ಜನರ ನಂಬಿಕೆ ಉಳಿಯುತ್ತದೆ.